ಬೀನರ್ ಅನ್ನಬೇಕಾ, ಕೊಂಡಿ ಅನ್ನಬೇಕಾ?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವಳು. ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಎರಡು ವರ್ಷದಿಂದ ಗೆಳೆಯರ ಜೊತೆ ಕುಂದಾದ್ರಿ ಬೆಟ್ಟದಲ್ಲಿ ಬಂಡೆ ಹತ್ತುವುದನ್ನು ಕಲಿಯುತ್ತಿದ್ದೇನೆ. ಹಗ್ಗ ಸಿಕ್ಕಿಸಲು ಬಳಸುವ, ಬಾಯಿ ತೆರೆದು ಮುಚ್ಚುವ ಲೋಹದ ಕೊಂಡಿ ಇದೆಯಲ್ಲ, ಕ್ಯಾರಬೀನರ್, ಯೂಟ್ಯೂಬ್ ನೋಡಿ ನೋಡಿ ನಾವೆಲ್ಲ ಅದಕ್ಕೆ ‘ಬೀನರ್’ ಅನ್ನುತ್ತೇವೆ. ದಸರಾ ಹೊತ್ತಿಗೆ ಟೆಕ್ಸಸ್‌ನಿಂದ ಊರಿಗೆ ಬಂದಿದ್ದ ನಮ್ಮ ದೊಡ್ಡಪ್ಪನ ಮಗಳು, ಅಕ್ಕ, ಇದನ್ನು ಕೇಳಿ ಬೆಚ್ಚಿಬಿದ್ದರು. ಅಮೆರಿಕದಲ್ಲಿ ಅದೇ ಉಚ್ಚಾರದ ಪದ ಮೆಕ್ಸಿಕೊ ಮೂಲದವರನ್ನು ಹೀಯಾಳಿಸುವ ಬೈಗುಳವಂತೆ. ನಮ್ಮ ಹುಡುಗರು ‘ಕುಂದಾದ್ರಿ ಮೇಲೆ ಯಾವ ಮೆಕ್ಸಿಕೊದವನು ಕೂತಿದಾನೆ ಮಾರಾಯ್ತಿ?’ ಅಂತ ನಕ್ಕರು. ಪದ ಬದಲಿಸಬೇಕಾ, ಅಥವಾ ಇದು ಅತಿ ಆಯಿತಾ? ಇನ್ನೊಂದು ಸಣ್ಣ ಪ್ರಶ್ನೆ. ಬ್ಯಾಗ್ ಅಂಗಡಿಯಲ್ಲಿ ಕೀ ಚೈನ್ ಜೊತೆ ಸಿಗುವ ಬಣ್ಣದ ಬೀನರ್‌ಗಳನ್ನು ನೀರಿನ ಬಾಟಲಿ ನೇತುಹಾಕಲು ಬಳಸಬಹುದಾ?

ಉತ್ತರ: ಬದಲಿಸಿ. ಆದರೆ ಇಷ್ಟು ದಿನ ಅಂದಿದ್ದಕ್ಕೆ ತಲೆ ತಗ್ಗಿಸಬೇಕಾಗಿಲ್ಲ. ಹುಡುಗರು ನಕ್ಕಿದ್ದರಲ್ಲೂ ಸ್ವಲ್ಪ ನಿಜ ಇದೆ, ಅಕ್ಕ ಬೆಚ್ಚಿದ್ದರಲ್ಲೂ ಇದೆ. ಹೇಗೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಹುಡುಗರ ಪರವಾಗಿ ನಾಲ್ಕು ಮಾತು. ಕ್ಯಾರಬೀನರ್ ಜರ್ಮನ್ ಪದ. ಪೂರ್ತಿ ಹೆಸರು ‘ಕರಬೀನರ್‌ಹಾಕೆನ್’. ಹಾಕೆನ್ ಅಂದರೆ ಕೊಕ್ಕೆ. ಕುದುರೆ ಸವಾರಿಯ ಸೈನಿಕರು ಕಾರ್ಬೈನ್ ಎಂಬ ಗಿಡ್ಡ ಬಂದೂಕನ್ನು ಹೆಗಲ ಪಟ್ಟಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಕೊಕ್ಕೆ ಅದು. 1910ರ ಸುಮಾರಿಗೆ ಮ್ಯೂನಿಕ್‌ನ ಓಟ್ಟೋ ಹೆರ್ಜೋಗ್ ಎಂಬ ಪರ್ವತಾರೋಹಿ ಅಗ್ನಿಶಾಮಕ ದಳದವರ ಹತ್ತಿರ ಇದ್ದ ಇಂಥ ಕೊಕ್ಕೆಯನ್ನು ಬಂಡೆಗೆ ತಂದರು. ಅಲ್ಲಿಂದ ಅದು ನಮ್ಮ ಸೊಂಟಕ್ಕೆ ಬಂತು. ಫ್ರೆಂಚರು, ಇಟಲಿಯವರು, ಸ್ಪ್ಯಾನಿಷ್ ಆಡುವವರು ಇದೇ ವಸ್ತುವನ್ನು ಮಸ್ಕೆಟ್ ಬಂದೂಕಿನ ಹೆಸರಿನಿಂದ ಕರೆಯುತ್ತಾರೆ. ಸ್ಪ್ಯಾನಿಷ್‌ನಲ್ಲಿ ಅದು ‘ಮೊಸ್ಕೆತೋನ್’. ಬ್ರಿಟಿಷರು ಮೊದಲ ತುಂಡನ್ನು ಇಟ್ಟುಕೊಂಡು ‘ಕ್ರ್ಯಾಬ್’ ಅಂದರು. ಅಮೆರಿಕನ್ನರು ಬಾಲ ಇಟ್ಟುಕೊಂಡು ‘ಬೀನರ್’ ಅಂದರು. ಇದರಲ್ಲಿ ಯಾರನ್ನೂ ಬೈಯುವ ಉದ್ದೇಶ ಇರಲಿಲ್ಲ. ಸುಮ್ನೆ ಉದ್ದದ ಪದವನ್ನು ಗಿಡ್ಡ ಮಾಡಿದ್ದು, ಅಷ್ಟೇ.

ಬೈಗುಳದ ಹುಟ್ಟು ಬೇರೆ. ಅದರಲ್ಲಿರುವ ಬೀನ್ ನಮ್ಮ ಪಲ್ಯದ ಬೀನ್ಸಿನ ಮನೆತನದ್ದೇ. ಮೆಕ್ಸಿಕೊದವರ ಊಟದಲ್ಲಿ ಬೇಯಿಸಿದ ಬೀನ್ಸ್ ಕಾಳು ದಿನವೂ ಇರುತ್ತದೆ, ನಮಗೆ ಸಾರು ಇದ್ದಂತೆ. ಅದನ್ನೇ ಹಿಡಿದು ‘ಬೀನ್ಸ್ ತಿನ್ನುವವನು’ ಎಂಬ ಅರ್ಥದಲ್ಲಿ ಹೀಯಾಳಿಸಿದರು. ಬರೆಯುವಾಗ ಒಂದೆರಡು ಅಕ್ಷರ ವ್ಯತ್ಯಾಸ, ಕಿವಿಗೆ ಎರಡೂ ಒಂದೇ. ಊಟದ ಹೆಸರಿನಲ್ಲಿ ಹೀಯಾಳಿಸುವುದು ನಮಗೆ ಹೊಸದಲ್ಲ. ಹಿಂದಿನ ಕಾಲದಲ್ಲಿ ದೆಹಲಿ ಕಡೆ ಕೆಲಸಕ್ಕೆ ಹೋದ ನಮ್ಮವರನ್ನು ಕೇಳಿ ನೋಡಿ. ‘ಇಡ್ಲಿ ಸಾಂಬಾರ್’, ‘ಮದ್ರಾಸಿ’ ಅಂತ ಕರೆಸಿಕೊಂಡ ನೆನಪು ಸುಮಾರು ಜನಕ್ಕೆ ಇದೆ. ಇಡ್ಲಿ ಒಳ್ಳೆಯ ತಿಂಡಿಯೇ. ಆದರೂ ಹಾಗೆ ಕರೆದಾಗ ಚುಚ್ಚುತ್ತದೆ.

ಆದರೆ ಅಮೆರಿಕದ ಆ ಪದ ಇಡ್ಲಿ ಸಾಂಬಾರ್ ಮಟ್ಟದಲ್ಲಿ ನಿಲ್ಲಲಿಲ್ಲ. 2008ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಪ್ಯಾಚೋಗ್ ಎಂಬ ಊರಿನಲ್ಲಿ ಮಾರ್ಸೆಲೊ ಲುಸೇರೊ ಎಂಬ ವಲಸಿಗನನ್ನು ಹೈಸ್ಕೂಲ್ ಹುಡುಗರ ಗುಂಪೊಂದು ಕೊಂದಿತು. ಲ್ಯಾಟಿನ್ ಅಮೆರಿಕದವರನ್ನು ಹುಡುಕಿಕೊಂಡು ಹೋಗಿ ಹೊಡೆಯುವುದಕ್ಕೆ ಆ ಹುಡುಗರು ಆಟದಂತೆ ಒಂದು ಹೆಸರಿಟ್ಟುಕೊಂಡಿದ್ದರು. ಆ ಹೆಸರಿನಲ್ಲಿ ಇದ್ದಿದ್ದು ಇದೇ ಬೈಗುಳ. ಲುಸೇರೊ ಮೆಕ್ಸಿಕೊದವನೂ ಅಲ್ಲ, ಈಕ್ವೆಡಾರ್‌ನವನು. ಆ ಪದದೊಳಗೆ ಯಾರನ್ನು ಬೇಕಾದರೂ ತುಂಬಬಹುದು ಅಂತ ಹೊಡೆಯುವವರಿಗೆ ಗೊತ್ತಿತ್ತು. ನಿಮ್ಮ ಅಕ್ಕ ಇರುವ ಟೆಕ್ಸಸ್‌ನಲ್ಲಿ 2020ರ ಜನಗಣತಿ ಪ್ರಕಾರ ಹತ್ತರಲ್ಲಿ ಸುಮಾರು ನಾಲ್ಕು ಜನ ಲ್ಯಾಟಿನ್ ಮೂಲದವರು. ಆಫೀಸಿನಲ್ಲಿ ಪಕ್ಕದ ಕುರ್ಚಿ, ಮನೆಯ ಪಕ್ಕದ ಗೇಟು ಎಲ್ಲ ಅವರದ್ದೇ. ಬೆಚ್ಚದೆ ಇನ್ನೇನು ಮಾಡುತ್ತಾರೆ?

ಈಗ ನನ್ನದೊಂದು ಕಥೆ. ಇಪ್ಪತ್ತು ವರ್ಷಕ್ಕೂ ಹಿಂದೆ ಉತ್ತರಾಖಂಡದಲ್ಲಿ ಪರ್ವತಾರೋಹಣದ ಕೋರ್ಸ್ ಮಾಡಲು ಹೋಗಿದ್ದೆ. ಬಂಡೆಯ ಮೇಲಿಂದ ಹಗ್ಗ ಕೆಳಗೆ ಎಸೆಯುವ ಮೊದಲು ಕೂಗಿ ಹೇಳಬೇಕು, ಕೆಳಗಿದ್ದವರು ಸರಿದುಕೊಳ್ಳಲಿ ಅಂತ. ಎಲ್ಲರೂ ‘ರೋಪ್’ ಅಂತ ಕೂಗುತ್ತಿದ್ದರು. ನನ್ನ ಸರದಿ ಬಂದಾಗ ಗಾಬರಿಯಲ್ಲಿ ಬಾಯಿಂದ ಬಂದಿದ್ದು ಮಾತೃಭಾಷೆ. ಗಂಟಲು ಹರಿಯುವಂತೆ ‘ಹಗ್ಗಾ!’ ಅಂದೆ. ಕೆಳಗೆ ಮೂವತ್ತು ಜನ ಹೊಟ್ಟೆ ಹಿಡಿದುಕೊಂಡು ಬಿದ್ದು ಬಿದ್ದು ನಕ್ಕರು. ನನಗೆ ತಲೆಬುಡ ಗೊತ್ತಾಗಲಿಲ್ಲ. ಸಂಜೆ ಒಬ್ಬ ಗಢವಾಲಿ ಹುಡುಗ ಕಿವಿಯಲ್ಲಿ ಹೇಳಿದ. ನಮ್ಮ ‘ಹೇಲು’ ಎಷ್ಟು ಒರಟು ಮಾತೋ ಹಿಂದಿಯ ‘ಹಗ್‌ನಾ’ ಅಷ್ಟೇ ಒರಟು. ಅಂದರೆ ನಾನು ಬೆಟ್ಟದ ತುದಿಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಏನನ್ನು ಘೋಷಿಸಿದ್ದೆ ಅಂತ ನೀವೇ ಊಹಿಸಿ. ಉಳಿದ ದಿನಗಳೆಲ್ಲ ನನ್ನ ಹೆಸರೇ ಅದಾಗಿತ್ತು.

ಆವತ್ತಿನಿಂದ ಹಿಂದಿಯವರ ಗುಂಪಿನಲ್ಲಿ ‘ರೋಪ್’ ಅನ್ನುತ್ತೇನೆ. ಊರಿಗೆ ಬಂದರೆ ಹಗ್ಗ ಹಗ್ಗವೇ. ಯಾರೋ ಬಂದು ‘ಹಿಂದಿ ಕಿವಿಗೆ ಕೆಟ್ಟದಾಗಿ ಕೇಳುತ್ತದೆ, ಕನ್ನಡದಿಂದಲೇ ಹಗ್ಗ ತೆಗೆಯಿರಿ’ ಅಂದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ‘ಗಂಡು’ ಪದಕ್ಕೂ ಇದೇ ಗತಿ, ಉತ್ತರದ ಗೆಳೆಯರು ಇದ್ದವರಿಗೆ ಗೊತ್ತಿರುತ್ತದೆ. ಹಳೆಯ ಕಾವ್ಯಗಳಲ್ಲಿ ಮಾವಿನ ಮರಕ್ಕೆ ಇರುವ ‘ಚೂತ’ ಎಂಬ ಹೆಸರಿನ ವಿಷಯ ನಾನು ಎತ್ತುವುದೇ ಇಲ್ಲ.

ಇಂಥದ್ದು ದೊಡ್ಡ ರಂಪವೂ ಆಗಿದೆ. 2020ರ ಆಗಸ್ಟ್‌ನಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಒಬ್ಬ ಪ್ರಾಧ್ಯಾಪಕರು ಮಾತಿನ ನಡುವೆ ನಾವು ತಡವರಿಸುವ ಪದಗಳ ಬಗ್ಗೆ ಪಾಠ ಮಾಡುತ್ತಿದ್ದರು. ನಾವು ‘ಅದು... ಅದು...’ ಅನ್ನುತ್ತೇವಲ್ಲ, ಹಾಗೆ ಚೀನಿಯರು ‘ನೇಗ, ನೇಗ’ ಅನ್ನುತ್ತಾರೆ. ಅರ್ಥವೂ ‘ಅದು’ ಅಂತಲೇ. ಅವರು ಅದನ್ನು ಉದಾಹರಣೆಯಾಗಿ ಹೇಳಿದರು. ಕಪ್ಪು ಜನರನ್ನು ಹೀನಾಯವಾಗಿ ಕರೆಯುವ ಇಂಗ್ಲಿಷ್ ಪದದಂತೆ ಕೇಳಿತು ಅಂತ ಕೆಲವು ವಿದ್ಯಾರ್ಥಿಗಳು ದೂರು ಕೊಟ್ಟರು. ಆ ಕೋರ್ಸಿನಿಂದ ಅವರನ್ನು ಬದಲಿಸಿದರು. ನನ್ನನ್ನು ಕೇಳಿದರೆ ಅದು ಅನ್ಯಾಯ. ಕೋಟಿ ಕೋಟಿ ಜನ ದಿನಕ್ಕೆ ನೂರು ಸಲ ಆಡುವ ‘ಅದು’ ಎಂಬ ಪದವನ್ನು ಇನ್ನೊಂದು ಭಾಷೆಯ ಕಿವಿಯಿಂದ ಅಳೆಯಲು ಆಗುವುದಿಲ್ಲ.

ಹಾಗಾದರೆ ಬೀನರ್‌ಗೆ ಯಾಕೆ ಬೇರೆ ನ್ಯಾಯ? ಯಾಕೆಂದರೆ ಅದು ಯಾರ ತಾಯ್ನುಡಿಯೂ ಅಲ್ಲ. ಬೈಗುಳ ಹುಟ್ಟಿದ್ದೂ ಅಮೆರಿಕನ್ ಇಂಗ್ಲಿಷ್‌ನಲ್ಲಿ, ಈ ಅಡ್ಡಹೆಸರು ಹುಟ್ಟಿದ್ದೂ ಅಲ್ಲೇ. ಆಡುವವರು, ಕೇಳುವವರು ಇಬ್ಬರೂ ಒಂದೇ ಭಾಷೆಯವರು, ಒಂದೇ ಊರಿನವರು. ‘ನಮಗೆ ಗೊತ್ತಿರಲಿಲ್ಲ’ ಅನ್ನುವ ದಾರಿ ಅವರಿಗೆ ಇಲ್ಲ. ಪೂರ್ತಿ ಪದ ಹೇಳಿದರೆ ಜಾಸ್ತಿ ಆಗುವುದು ಎರಡೇ ಅಕ್ಷರ.

ಇಷ್ಟಕ್ಕೂ ಕ್ಯಾರಬೀನರ್‌ಗಿಂತ ದೊಡ್ಡ ಹೆಸರುಗಳೇ ಬದಲಾಗಿವೆ. ಮಿಷಿಗನ್ ರಾಜ್ಯದಲ್ಲಿ 1995ರಲ್ಲಿ ಶುರುವಾದ ಒಂದು ಕಾಫಿ ಅಂಗಡಿಗೆ ಕಾಫಿ ಬೀಜದ ನೆನಪಿನಲ್ಲಿ ‘ಬೀನರ್ಸ್’ ಅಂತ ಹೆಸರಿಟ್ಟಿದ್ದರು. ಮಲೆನಾಡಿನವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತದೆ, ನಮ್ಮಲ್ಲೂ ಕಾಫಿ ಬೀಜ ಅಂದರೆ ಪ್ರೀತಿಯೇ. ಅಂಗಡಿ ಒಂದರಿಂದ ಹಲವಾಯಿತು. ಬೈಗುಳದ ಅರ್ಥ ಜನಕ್ಕೆ ನೋವು ಕೊಡುತ್ತಿದೆ ಅಂತ ಗೊತ್ತಾದ ಮೇಲೆ 2008ರಲ್ಲಿ ಮಾಲೀಕರೇ ಅದನ್ನು ‘ಬಿಗ್‌ಬಿ ಕಾಫಿ’ ಮಾಡಿದರು. ಬೋರ್ಡು, ಲೋಟ, ಚೀಟಿ ಎಲ್ಲ ಹೊಸದು. ನಿಮ್ಮ ಗುಂಪಿಗೆ ಇಷ್ಟೆಲ್ಲ ಖರ್ಚಿಲ್ಲ.

ಇನ್ನು ‘ಕುಂದಾದ್ರಿ ಮೇಲೆ ಯಾರು ಕೂತಿದಾರೆ’ ಅನ್ನುವ ಮಾತು. ಇವತ್ತು ಯಾರೂ ಇಲ್ಲ, ಒಪ್ಪಿದೆ. ಜೈನ ಬಸದಿಗೆ ಬಂದ ಭಕ್ತರು, ಸೂರ್ಯೋದಯ ನೋಡಲು ಬಂದ ಶಿವಮೊಗ್ಗದ ಬೈಕುಗಳು, ನೀವು, ಅಷ್ಟೇ. ಆದರೆ ನಿಮ್ಮ ಹುಡುಗರು ಅಲ್ಲೇ ನಿಲ್ಲುವವರಾ? ಚಳಿಗಾಲದಲ್ಲಿ ಹಂಪಿಗೆ, ಬಾದಾಮಿಗೆ ಹೋಗೇ ಹೋಗುತ್ತಾರೆ. ಅಲ್ಲಿ ಜಗತ್ತಿನ ಮೂಲೆ ಮೂಲೆಯವರು ಬಂಡೆಗೆ ಕೈ ಹಾಕಿಕೊಂಡು ನಿಂತಿರುತ್ತಾರೆ. ಇಂಜಿನಿಯರಿಂಗ್ ಮುಗಿದ ಮೇಲೆ ಅರ್ಧ ಜನ ಅಕ್ಕನ ಊರಿಗೇ ಹೊರಡುತ್ತಾರೆ. ನಾಲಿಗೆಗೆ ಹತ್ತಿದ ಪದ ವೀಸಾ ಬಂದ ದಿನ ಬಿಡುವುದಿಲ್ಲ.

ಹತ್ತುವವರಿಗೆ ಪದ ಬದಲಿಸುವುದು ಹೊಸದೇನೂ ಅಲ್ಲ. ನಮ್ಮ ಕೆಲಸದಲ್ಲಿ ಪದವೂ ಒಂದು ಸಲಕರಣೆ, ಸರಿಯಾಗಿ ಕೇಳದಿದ್ದರೆ ಎಸೆಯುತ್ತೇವೆ. ಮೊದಮೊದಲು ನಾನು ಕನ್ನಡ ಅಭಿಮಾನದಿಂದ ಎಲ್ಲ ಕೂಗುಗಳನ್ನೂ ಕನ್ನಡ ಮಾಡಿದ್ದೆ. ಹಗ್ಗ ಬಿಗಿ ಮಾಡಬೇಕಾದರೆ ‘ಎಳಿ’, ಕೆಳಗೆ ಬಿಡಬೇಕಾದರೆ ‘ಇಳಿಸು’. ಕೇಳಲು ಚೆನ್ನಾಗಿತ್ತು. ಒಂದು ದಿನ ಜೋರು ಗಾಳಿ. ಮೇಲೆ ನೇತಾಡುತ್ತಿದ್ದ ಹುಡುಗಿ ‘ಎಳಿ, ಎಳಿ’ ಅಂತ ಕೂಗಿದಳು. ಕೆಳಗೆ ಹಗ್ಗ ಹಿಡಿದಿದ್ದವನಿಗೆ ‘ಇಳಿ’ ಅಂತ ಕೇಳಿತು. ಅವನು ನಿಷ್ಠೆಯಿಂದ ಇಳಿಸಿದ. ಮೊಣಕಾಲಿನ ಚರ್ಮ ಬಂಡೆಗೇ ಅಂಟಿಕೊಂಡಿತು. ಪುಣ್ಯ, ಅಷ್ಟಕ್ಕೇ ಮುಗಿಯಿತು. ತಪ್ಪು ಅವನದಲ್ಲ, ಅವಳದೂ ಅಲ್ಲ, ಪದ ಆರಿಸಿದ ನನ್ನದು. ಮಾರನೇ ದಿನದಿಂದ ‘ಟೈಟ್’ ಮತ್ತು ‘ಲೂಸ್’. ಕನ್ನಡ ಅಭಿಮಾನ ‘ಕಲ್ಲು!’ ಎಂಬ ಕೂಗಿನಲ್ಲಿ ಮಾತ್ರ ಉಳಿದಿದೆ. ಮೇಲಿಂದ ಕಲ್ಲು ಉರುಳಿದರೆ ಮಲೆನಾಡಿನವನಿಗೆ ‘ರಾಕ್’ ಅಂದರೆ ತಲೆ ಎತ್ತಿ ನೋಡುತ್ತಾನೆ, ‘ಕಲ್ಲು’ ಅಂದರೆ ತಲೆ ತಗ್ಗಿಸುತ್ತಾನೆ. ಇಂಗ್ಲಿಷ್ ಹತ್ತುವವರಿಗೂ ‘ಟೇಕ್’ (ಹಗ್ಗ ಬಿಗಿ ಮಾಡು) ಮತ್ತು ‘ಸ್ಲ್ಯಾಕ್’ (ಸಡಿಲ ಬಿಡು) ಗಾಳಿಯಲ್ಲಿ ಕಲಸಿಹೋಗುವ ಕಷ್ಟ ಇದೆ.

ನಾನು ಇದನ್ನೆಲ್ಲ ಕಲಿತಿದ್ದು ಕೋರ್ಸಿನಲ್ಲಿ ಅನ್ನುವುದಕ್ಕಿಂತ ಅಡಿಕೆ ತೋಟದಲ್ಲಿ ಅನ್ನಬೇಕು. ನಮ್ಮ ಕಡೆಯ ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವುದು, ನೋಡಿದ್ದೀರಲ್ಲ. ಕೊನೆಗಾರ ಮರದ ತುದಿಯಲ್ಲಿ ಇರುತ್ತಾನೆ. ಕೊಯ್ದ ಅಡಿಕೆ ಕೊನೆ ದೊಪ್ಪನೆ ನೆಲಕ್ಕೆ ಬೀಳಬಾರದು, ಹಗ್ಗದ ಮೇಲೆ ಜಾರಿ ಬರಬೇಕು. ಆ ಹಗ್ಗದ ತುದಿ ಹಿಡಿದು ಕೆಳಗೆ ಒಬ್ಬ ನಿಲ್ಲುತ್ತಾನೆ. ಅದಕ್ಕೆ ‘ನೇಣು ಹಿಡಿಯುವುದು’ ಅಂತ ಹೆಸರು. ಬೆಂಗಳೂರಿನ ಗೆಳೆಯನೊಬ್ಬ ಕೊಯ್ಲಿನ ಹೊತ್ತಿಗೆ ಸಾಗರದ ನಮ್ಮ ನೆಂಟರ ಮನೆಗೆ ಬಂದಿದ್ದ. ‘ಈ ಸಲ ನೇಣಿಗೆ ಜನವೇ ಸಿಕ್ಕಿಲ್ಲ ಮಾರಾಯ’ ಅಂತ ಮಾವ ಕಾಫಿ ಕುಡಿಯುತ್ತ ಹೇಳಿದಾಗ ಅವನ ಮುಖ ನೋಡಬೇಕಿತ್ತು.

ಅದೇ ತೋಟದ ಸಾಲಿನಲ್ಲಿ ಒಂದು ಮನೆ. ಹಿಂದಿನ ವರ್ಷ ಸಾಲದ ಸಂಕಟದಲ್ಲಿ ಆ ಮನೆಯ ಯಜಮಾನರು ಹಗ್ಗಕ್ಕೆ ಕೊರಳೊಡ್ಡಿದ್ದರು. ಅದರ ಮುಂದಿನ ಕೊಯ್ಲಿಗೆ ನಾನೂ ಕೈಯಾಸರೆಗೆ ಹೋಗಿದ್ದೆ. ಅವರ ಹೆಂಡತಿ ಉದುರು ಹೆಕ್ಕುತ್ತ ಮರದ ಬುಡದಲ್ಲೇ ಇದ್ದರು. ಇಡೀ ದಿನ ಕೊನೆಗಾರ ಮೇಲಿಂದ ‘ಹಗ್ಗ ಹಿಡಿ’, ‘ಹಗ್ಗ ಸರಿಸು’ ಅಂತಲೇ ಕೂಗಿದ. ‘ನೇಣು’ ಅಂತ ಒಂದು ಸಲವೂ ಅನ್ನಲಿಲ್ಲ. ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಮಾರನೇ ದಿನ ಪಕ್ಕದ ತೋಟದಲ್ಲಿ ಅವನ ಬಾಯಲ್ಲಿ ಮತ್ತೆ ನೇಣು ಬಂತು, ನಗು ಬಂತು, ಎಲ್ಲ ಮಾಮೂಲಿ. ಅವನನ್ನು ಕೂರಿಸಿ ‘ಇದು ಪದದ ಮೂಲ ನೋಡಿದರೆ ಸರಿಯೇ?’ ಅಂತ ಕೇಳಿದ್ದರೆ ಎಲೆ ಅಡಿಕೆ ಉಗಿದು ಎದ್ದು ಹೋಗುತ್ತಿದ್ದ.

ನೀವು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ಆ ಕೊನೆಗಾರನೇ. ಮರದ ಬುಡದಲ್ಲಿ ಯಾರಿದ್ದಾರೆ ಅಂತ ನೋಡಿಕೊಂಡು ಕೂಗಿದ. ನಮ್ಮ ಮನೆಗಳಲ್ಲಿ ದೀಪ ಆರಿಸು ಅನ್ನುವುದಿಲ್ಲ, ದೊಡ್ಡದು ಮಾಡು ಅನ್ನುತ್ತೇವೆ. ಹೋಗ್ತೀನಿ ಅನ್ನುವುದಿಲ್ಲ, ಬರ್ತೀನಿ ಅನ್ನುತ್ತೇವೆ. ಹಾವು ಕಚ್ಚಿದರೆ ಹುಳ ಮುಟ್ಟಿತು ಅನ್ನುತ್ತೇವೆ. ಇದಕ್ಕೆಲ್ಲ ಯಾರೂ ‘ಅತಿ ಆಯಿತು’ ಅಂದಿದ್ದನ್ನು ನಾನು ಕೇಳಿಲ್ಲ. ಕೊನೆಗಾರನಿಗೂ ನಿಮಗೂ ಇರುವ ವ್ಯತ್ಯಾಸ ಒಂದೇ. ಅವನಿಗೆ ಬುಡದಲ್ಲಿ ಇರುವವರು ಕಾಣುತ್ತಾರೆ. ನೀವು ವಿಡಿಯೊ ಮಾಡಿ ಹಾಕುವವರು. ನಿಮ್ಮ ಮರದ ಬುಡದಲ್ಲಿ ಯಾರು ನಿಂತಿದ್ದಾರೆ ಅಂತ ನಿಮಗೆ ಕಾಣುವುದಿಲ್ಲ.

ಬದಲಿಗೆ ಏನನ್ನಬೇಕು? ಪೂರ್ತಿ ‘ಕ್ಯಾರಬೀನರ್’ ಅಂದರೆ ತಕರಾರಿಲ್ಲ, ಅದಕ್ಕೆ ಯಾರೂ ಬೆಚ್ಚುವುದಿಲ್ಲ. ನಮ್ಮ ಹಳೆಯ ಗುಂಪಿನಲ್ಲಿ ಕೆಲವರು ಬ್ರಿಟಿಷರಂತೆ ‘ಕ್ರ್ಯಾಬ್’ ಅನ್ನುತ್ತಾರೆ. ಒಬ್ಬ ಹುಡುಗ ಅದನ್ನು ‘ಏಡಿ’ ಮಾಡಿಕೊಂಡಿದ್ದ. ಗದ್ದೆ ಏಡಿ ಬೆರಳು ಹಿಡಿದಂತೆ ಹಿಡಿಯುತ್ತದೆ ಅಂತ ಅವನ ವಾದ. ನಾನು ‘ಕೊಂಡಿ’ ಅನ್ನುತ್ತೇನೆ. ಎರಡೇ ಅಕ್ಷರ, ಗಾಳಿಯಲ್ಲೂ ಕೇಳುತ್ತದೆ, ಅಜ್ಜಿಗೂ ಅರ್ಥ ಆಗುತ್ತದೆ. ಲಾಕ್ ಇರುವುದಕ್ಕೆ ‘ಲಾಕ್ ಕೊಂಡಿ’.

ಹುಡುಗರ ಜೊತೆ ಜಗಳ ಮಾಡಬೇಡಿ. ನೀವು ಕೊಂಡಿ ಅಂತ ಶುರು ಮಾಡಿ, ಎರಡು ವಾರದಲ್ಲಿ ಅರ್ಧ ಜನ ಅದನ್ನೇ ಅನ್ನುತ್ತಾರೆ. ಬಾಯಿ ತಪ್ಪಿ ಬೀನರ್ ಅಂದವನನ್ನು ಹಿಡಿದು ದಂಡ ಹಾಕುವ ಕೆಲಸವೂ ಬೇಡ. ನಾನು ಕಂಡಂತೆ ಹಾಗೆ ದಂಡ ಹಾಕುವವರಿಗೆ ಹತ್ತುವುದಕ್ಕಿಂತ ಅದೇ ಜಾಸ್ತಿ ಇಷ್ಟ ಆಗಿಬಿಡುತ್ತದೆ.

ಆದರೆ ಒಂದು ವಿಷಯದಲ್ಲಿ ಜಗಳ ಮಾಡಿ. ಬಂಡೆಯ ಬುಡದಲ್ಲಿ ನಿಂತರೆ ನನ್ನ ಕಿವಿಗೆ ಬೀಳುವ ಮಾತುಗಳಲ್ಲಿ ಬೀನರ್ ತೀರಾ ಸಣ್ಣದು. ಕಾಲು ಜಾರಿದವನನ್ನು, ಹೆದರಿದವನನ್ನು, ಬಟ್ಟೆ ಕೊಳೆ ಮಾಡಿಕೊಂಡವನನ್ನು ನಮ್ಮ ಹುಡುಗರು ಕರೆಯುವ ಕೆಲವು ಹೆಸರುಗಳಿವೆ. ಅವು ಜಾತಿಗಳ ಹೆಸರು. ಇಲ್ಲಿ ಬರೆಯುವುದಿಲ್ಲ, ನಿಮಗೆ ಗೊತ್ತಿದೆ. ಅವು ಬೈಗುಳದಂತೆ ಕೇಳುವ ಬೇರೆ ಪದಗಳಲ್ಲ, ಅವೇ ಬೈಗುಳ. ಜಾತಿ ಹೆಸರು ಹಿಡಿದು ದಲಿತರನ್ನು ನಾಲ್ಕು ಜನರ ಮುಂದೆ ಬೈಯುವುದು 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. ಕಾಯ್ದೆ ಇರಲಿ, ಹಗ್ಗದ ಇನ್ನೊಂದು ತುದಿ ಹಿಡಿದ ಹುಡುಗನ ಮನೆಯವರನ್ನೇ ಅದು ಬೈಯುತ್ತಿರಬಹುದು. ಅವನ ಕೈಯಲ್ಲಿ ನಿಮ್ಮ ಜೀವ ಇದೆ. ಮೆಕ್ಸಿಕೊದವನು ಕುಂದಾದ್ರಿಯಲ್ಲಿ ಇಲ್ಲದಿರಬಹುದು, ಇವನು ಇದ್ದಾನೆ.

ಹಾಗೆಯೇ ಬ್ಯಾಗ್ ಹೊರುವವರನ್ನೆಲ್ಲ ‘ಶೆರ್ಪಾ’ ಅನ್ನುವ ಚಾಳಿ. ಕೊಡಚಾದ್ರಿ ಚಾರಣದಲ್ಲಿ ಇದು ಕೇಳಿ ಕೇಳಿ ಸಾಕಾಗಿದೆ. ಶೆರ್ಪಾ ಒಂದು ಜನಾಂಗದ ಹೆಸರು, ‘ಪೂರ್ವದ ಜನ’ ಅಂತ ಅರ್ಥ. 1953ರಲ್ಲಿ ಎವರೆಸ್ಟ್ ತುದಿ ಮುಟ್ಟಿದ ತೇನ್‌ಸಿಂಗ್ ನೋರ್ಗೆ ಆ ಜನಾಂಗದವರು. ಅದು ಹೊರೆ ಹೊರುವ ಕೆಲಸದ ಹೆಸರಲ್ಲ. ನಮ್ಮ ‘ಕೂಲಿ’ಯ ಕಥೆ ಇದಕ್ಕೆ ತಿರುಗುಮುರುಗು. ನಮಗೆ ಅದು ದುಡಿಮೆ, ದಿನದ ಸಂಬಳ. ‘ಇವತ್ತಿನ ಕೂಲಿ ಕೊಡಿ’ ಅನ್ನುವುದರಲ್ಲಿ ಅವಮಾನ ಇಲ್ಲ. ದಕ್ಷಿಣ ಆಫ್ರಿಕಾದಲ್ಲಿ ಅದೇ ಪದವನ್ನು ಭಾರತೀಯರ ಮುಖಕ್ಕೆ ಉಗಿದರು. ಗಾಂಧೀಜಿಯನ್ನು ಅಲ್ಲಿ ‘ಕೂಲಿ ಬ್ಯಾರಿಸ್ಟರ್’ ಅಂತ ಕರೆಯುತ್ತಿದ್ದರು. ಡರ್ಬನ್‌ನ ಭಾರತೀಯ ಮೂಲದವರ ಎದುರು ನೀವು ಆ ಪದ ಆಡಿದರೆ, ‘ನಮ್ಮ ತೋಟದಲ್ಲಿ ಇದು ಒಳ್ಳೆ ಪದ’ ಅಂತ ವಾದಿಸುತ್ತೀರಾ?

ಈಗ ನಿಮ್ಮ ಸಣ್ಣ ಪ್ರಶ್ನೆ. ನನಗೆ ಅದು ಸಣ್ಣದಾಗಿ ಕಾಣಲಿಲ್ಲ. ಹತ್ತಲು ಬಳಸುವ ಕೊಂಡಿಯ ಬೆನ್ನ ಮೇಲೆ ಕಿಲೋನ್ಯೂಟನ್ ಲೆಕ್ಕದಲ್ಲಿ ಅಂಕಿ ಕೊರೆದಿರುತ್ತದೆ. ಉದ್ದಕ್ಕೆ ಎಳೆದರೆ ಸಾಮಾನ್ಯವಾಗಿ 20ಕ್ಕಿಂತ ಹೆಚ್ಚು. 22 ಇದ್ದರೆ ಸುಮಾರು 2,200 ಕೆಜಿ ಭಾರ ಅಂದುಕೊಳ್ಳಿ. ಬಾಯಿ ತೆರೆದಿದ್ದಾಗ ಅಥವಾ ಅಡ್ಡಕ್ಕೆ ಎಳೆದಾಗ ಅದು 7, 8ಕ್ಕೆ ಇಳಿಯುತ್ತದೆ, ಆ ಅಂಕಿಗಳೂ ಪಕ್ಕದಲ್ಲೇ ಇರುತ್ತವೆ. ಬ್ಯಾಗ್ ಅಂಗಡಿಯ ಬಣ್ಣದ ಕೊಂಡಿಯಲ್ಲಿ ಇದ್ಯಾವುದೂ ಇರುವುದಿಲ್ಲ. ಬಾಟಲಿಗೆ ಬಳಸಿ, ತೊಂದರೆ ಇಲ್ಲ. ಆದರೆ ಸೊಂಟದ ಬೆಲ್ಟಿಗೆ ಮಾತ್ರ ಸಿಕ್ಕಿಸಬೇಡಿ. ಅಲ್ಲಿದ್ದರೆ ಆತುರದಲ್ಲಿ ಯಾರೋ ಒಬ್ಬರ ಕೈ ಅದಕ್ಕೇ ಹೋಗುತ್ತದೆ. ಬ್ಯಾಗಿನ ಹೊರಗೆ ಇರಲಿ. ಕೆಂಪು ಟೇಪ್ ಸುತ್ತಿಡಿ. ಈ ಸಲ ಮಳೆ ತಡವಾಗಿ ಬಿಟ್ಟಿದೆ, ಕುಂದಾದ್ರಿಯ ಉತ್ತರದ ಮೈ ಮೇಲೆ ಇನ್ನೂ ಪಾಚಿ ಇರುತ್ತದೆ. ಡಿಸೆಂಬರ್‌ವರೆಗೆ ಆ ಕಡೆ ಹೋಗಬೇಡಿ.